ಗಡಿ ಮರದ ಗಿಳಿಗಳು

ಚಿಕ್ಕಲಸಂದ್ರದ ಬೋರಣ್ಣನ ಮನೆಯ ಮೇಲ್ಮಹಡಿಗೆ ಬಾಡಿಗೆಗೆ ಬಂದ ರಘುವಿಗೆ ಎರಡು ಚಟ: ಆಫೀಸಿಗೆ ತಡವಾಗಿ ಹೋಗುವುದು, ಅದಕ್ಕೆ ಗಿಳಿಗಳನ್ನು ಹೊಣೆ ಮಾಡುವುದು. ಪಕ್ಕದ ಖಾಲಿ ಸೈಟಿನ ಅಂಚಿನಲ್ಲಿ ಸುಳಿ ಸತ್ತು ಬೋಳಾಗಿ ನಿಂತ ತೆಂಗಿನ ಮರವೊಂದಿತ್ತು. ಅದರ ಪೊಟರೆಯಲ್ಲಿ ಗಿಳಿ ಜೋಡಿಯೊಂದು ಮರಿ ಮಾಡಿತ್ತು. ಸೆಕೆಂಡ್‌ಹ್ಯಾಂಡ್ ಕ್ಯಾಮೆರಾದಲ್ಲಿ ಎರಡು ತಿಂಗಳು ಕ್ಲಿಕ್ಕಿಸಿದ ಮೇಲೆ ರಘುವಿನ ಬಳಿ ನಾನೂರು ಫೋಟೋಗಳಿದ್ದವು. ಮುನ್ನೂರ ತೊಂಬತ್ತರಲ್ಲಿ ಬಾಲ ಮಾತ್ರ ಇತ್ತು.

ಉಳಿದ ಹತ್ತರಲ್ಲಿ ಬೋರಣ್ಣನಿದ್ದ.

ಈ ಬೀದಿಯೆಲ್ಲ ರಾಗಿ ಹೊಲವಾಗಿದ್ದಾಗ ಉತ್ತವನು, ಈಗ ಮೂರು ಬಾಡಿಗೆ ಮನೆಗಳ ಓನರ್ರು. ದಿನಾ ಬೆಳಗ್ಗೆ ಲುಂಗಿ ಎತ್ತಿ ಕಟ್ಟಿ ಮರದ ಬುಡಕ್ಕೆ ಬಂದು, ಮೇಲೆ ನೋಡಿ, ಕಾಂಡ ತಟ್ಟಿ, ಸುತ್ತಮುತ್ತ ಕಣ್ಣಾಡಿಸಿ ಹೋಗುತ್ತಿದ್ದ. ಮರಿ ಹಿಡಿದು ಮಾರುವ ಆಸಾಮಿಯೇ ಎಂದು ತೀರ್ಮಾನಿಸಿದ ರಘು, ಸಾಕ್ಷಿಗಿರಲಿ ಎಂದು ಫೋಟೋ ತೆಗೆದಿಟ್ಟಿದ್ದ.

ಆ ಭಾನುವಾರ ಮರಕ್ಕೆ ಏಣಿ ಒರಗಿತು. ಬೋರಣ್ಣನ ಕೈಯಲ್ಲಿ ಸಿಮೆಂಟು ಕಲೆಸಿದ ಬಾಂಡ್ಲಿ. ಕೊರಳಲ್ಲಿ ಕ್ಯಾಮೆರಾ ನೇತಾಡುತ್ತಿದ್ದಂತೆಯೇ ರಘು ಚಪ್ಪಲಿ ಮರೆತು ಓಡಿದ.

"ಅಂಕಲ್, ಏನ್ ಮಾಡ್ತಿದ್ದೀರ?"

"ತೂತು ಮುಚ್ತಾ ಇವ್ನಿ. ಮರ ಬಿದ್ರೆ ನಿಂಗೆ ಖುಷಿ, ಅಲ್ವಾ? ಅದನ್ನ ಕಾಯಾಕೇ ತಾನೆ ಗಂಗಯ್ಯ ನಿನ್ನ ನನ್ನ ಮನೆ ಮೇಲ್ಗಡೆನೇ ಕೂರ್ಸಿರೋದು?"

ಗಂಗಯ್ಯ ಬೋರಣ್ಣನ ದಾಯಾದಿ. ಜಮೀನು ಪಾಲಾದಾಗ ಇಬ್ಬರ ನಡುವೆ ಗಡಿಗೆಂದು ನೆಟ್ಟ ತೆಂಗು ಇದು. ಕಲ್ಲಾದರೆ ಸರಿಸಿಬಿಡಬಹುದು, ಮರವನ್ನು ಸರಿಸಲಾಗದು ಎಂಬುದು ಅಂದಿನ ಜಾಣತನ. ಮರ ಸಾಯುತ್ತದೆಂದು ಯಾರಿಗೂ ಹೊಳೆದಿರಲಿಲ್ಲ.

"ಗಂಗಯ್ಯ ಯಾರಂತಾನೇ ಗೊತ್ತಿಲ್ಲ ಅಂಕಲ್. ನಾನು ಗಿಳಿ ಫೋಟೋ ತೆಗೀತೀನಿ."

"ಅಷ್ಟುದ್ದ ಕೊಳವೆ ಹಾಕ್ಕಂಡು ಗಿಳಿನಾ? ಎಲ್ಲಿ, ತೋರ್ಸು."

ತೋರಿಸಿದ. ಬಾಲ, ಬಾಲ, ಬೋರಣ್ಣ.

"ಇದ್ರಾಗೆ ನಾನ್ಯಾಕಿವ್ನಿ?"

"ನೀವು ಮರಿ ಕದೀತೀರ ಅಂದ್ಕೊಂಡಿದ್ದೆ," ಎಂದ ರಘು. ಸುಳ್ಳು ಹೊಳೆಯದೆ ನಿಜ ಬಾಯಿಗೆ ಬಂದಿತ್ತು.

ಬೋರಣ್ಣ ಆ ಮಾತಿಗೆ ಕಿವಿಗೊಡಲಿಲ್ಲ. ಫೋಟೋದಲ್ಲಿ ಮರದ ಎಡಕ್ಕೆ ಅವನ ಕಾಂಪೌಂಡು, ಬಲಕ್ಕೆ ಗಂಗಯ್ಯನ ಶೀಟಿನ ಶೆಡ್ಡು ಅಳತೆ ಹಿಡಿದಂತೆ ಬಿದ್ದಿದ್ದವು. ಅದನ್ನೇ ನೋಡುತ್ತ ನಿಂತ. ರಘುವಿನ ತಲೆ ಅಪರೂಪಕ್ಕೆ ಓಡಿತು.

"ಮರ ಇಲ್ಲೇ ಇತ್ತು ಅನ್ನೋದಕ್ಕೆ ಇದೇ ಸಾಕ್ಷಿ ಅಲ್ವಾ ಅಂಕಲ್? ಮರಿ ಹಾರೋವರ್ಗೂ ತೂತು ಬಿಡಿ. ದಿನಾ ಒಂದು ತೆಗ್ದು ಕೊಡ್ತೀನಿ."

"ಅವ್ನಿಗೂ ಒಂದ್ ಕೊಡಲ್ಲ ಅಂತ ಏನ್ ಗ್ಯಾರಂಟಿ?"

"ನಿಮ್ಮನೇಲೇ ಇದೀನಲ್ಲ ಅಂಕಲ್."

"ಅದೇ ಅನುಮಾನ."

ಆದರೂ ಸಿಮೆಂಟು ಗೇಟಿನ ಮುಂದಿನ ಗುಂಡಿಗೆ ಹೋಯಿತು. ಮಾರನೇ ದಿನದಿಂದ ಬೋರಣ್ಣ ಅಂದಂದಿನ ಪೇಪರನ್ನು ಎದೆಗೆ ಹಿಡಿದು ಮರದ ಬುಡದಲ್ಲಿ ನಿಲ್ಲತೊಡಗಿದ. ಒಂಬತ್ತನೇ ಬೆಳಗ್ಗೆ ಪೊಟರೆಯಿಂದ ಮರಿಯೊಂದು ತಲೆ ಹೊರಹಾಕಿ ಪಿಳಿಪಿಳಿ ಕಣ್ಣು ಬಿಟ್ಟಿತು. ರಘು ಉಸಿರು ಬಿಗಿಹಿಡಿದು ಜೂಮ್ ಮಾಡಿದ.

ಕೆಳಗಿನಿಂದ ದನಿ ಬಂತು: "ಕ್ಯಾಮೆರಾ ಯಾಕೆ ಮೇಲಕ್ಕೋಯ್ತು? ತಾರೀಖು ಇಲ್ಲೈತೆ."