ಚೌರಮ್ಮ ಹರಸಲು ಕಲಿತದ್ದು

ಪಾಲಹಳ್ಳಿಯ ಚೌರಮ್ಮನ ಬಾಯಿ ಎಂದರೆ ಬಾಯಿ. ಕೆಟ್ಟವಳೇನಲ್ಲ, ಯಾರ ಮನೆಯಲ್ಲಿ ಜ್ವರವೆಂದರೂ ಗಂಜಿ ಕಾಯಿಸಿಕೊಂಡು ಓಡುವವಳು. ಆದರೆ ಆ ಗಂಜಿಯನ್ನೂ "ಮಳೇಲಿ ನೆನೀಬ್ಯಾಡ ಅಂತ ಬಡ್ಕಂಡೆ, ಕೇಳಿದ್ಯಾ, ನಿನ್ ಬಾಯ್ಗ್ ಮಣ್ಣಾಕ" ಎಂದು ಬೈದೇ ಕುಡಿಸುವಳು. ಹಸು, ಕೋಳಿ, ಬಸ್ಸಿನ ಕಂಡಕ್ಟರು, ಯಾರಿಗೂ ವಿನಾಯಿತಿಯಿಲ್ಲ.

ಇದರಿಂದ ಪೆಟ್ಟು ತಿಂದವನು ಮಗ ಫಿಲಿಪ. ಗೂಡ್ಸ್ ಆಟೋ ಓಡಿಸಿಕೊಂಡು ಮರ್ಯಾದೆಯಿಂದಿದ್ದ ಹುಡುಗ. ಹುಡುಗನೆಂದೆನೇ? ಕಿವಿಯ ಪಕ್ಕದಲ್ಲಿ ಆಗಲೇ ನರೆ ಇಣುಕಿತ್ತು. ಬಂದ ಸಂಬಂಧಗಳೆಲ್ಲ ತಾಯಿಯ ಬಾಯಿಗೆ ಹೆದರಿ ವಾಪಸು. ಹೋದ ವರ್ಷ ಒಂದು ಸಂಬಂಧ ಇನ್ನೇನು ಗಟ್ಟಿಯಾಯಿತು ಎನ್ನುವಷ್ಟರಲ್ಲಿ ಹಾಳು ಕೋಳಿಯೊಂದು ಒಳಗೆ ನುಗ್ಗಿ ಚಕ್ಕುಲಿ ತಟ್ಟೆಗೆ ಬಾಯಿ ಹಾಕಿತು. "ಊರೆಲ್ಲ ತಿಂದಿದ್ದು ಸಾಲ್ದು ಅಂತ ಇಲ್ಗೂ ಬಂದ್ಯಾ, ನಿನ್ ವಂಸ ಆಳಾಗ!" ಎಂದು ಚೌರಮ್ಮ ಅಬ್ಬರಿಸಿದಳು. ಅದೇ ತಟ್ಟೆಗೆ ಕೈಹಾಕಿದ್ದ ಹುಡುಗಿಯ ಅಪ್ಪ ಅದು ತನಗೇ ಎಂದುಕೊಂಡು ಎದ್ದೇ ಹೋದರು.

ಈಗ ಗಂಜಾಮಿನಿಂದ ಹೊಸ ಸಂಬಂಧ ಬಂದಿತ್ತು. "ಅವ್ವ, ಇದೂ ತಪ್ಪೋದ್ರೆ ನಂಗಿನ್ನು ಮದ್ವೆ ಮಾತೇ ಬ್ಯಾಡ ಬುಡು" ಎಂದ ಫಿಲಿಪ. ಜಗಳವಿಲ್ಲ, ಕೂಗಾಟವಿಲ್ಲ, ತಣ್ಣಗೆ ಹೇಳಿದ. ಚೌರಮ್ಮ ಕೊಟ್ಟಿಗೆಗೆ ಹೋಗಿ ಹಸುವಿನ ಕತ್ತು ತಬ್ಬಿಕೊಂಡು ಅತ್ತಳು.

ಆ ಭಾನುವಾರದ ಪೂಜೆಯಲ್ಲಿ ಫಾದರ್ ಪ್ರಸಂಗ ಮಾಡುತ್ತ, "ದೇವರನ್ನು ಸ್ತುತಿಸುವ ಬಾಯಲ್ಲೇ ನೆರೆಯವರನ್ನು ಶಪಿಸುವುದೇ? ಬೈಗುಳ ಬಾಯಿಗೆ ಬಂದಾಗ ಆಶೀರ್ವಾದ ಮಾಡಿ" ಎಂದರು. ಇಡೀ ಚರ್ಚು ತಿರುಗಿ ಚೌರಮ್ಮನನ್ನು ನೋಡಿತು. ನೋಡಿದರೆ ನೋಡಲಿ! ಗಂಜಾಮಿನವರು ಬಂದು ಹೋಗುವ ತನಕ ಬಾಯಲ್ಲಿ ಆಶೀರ್ವಾದವಲ್ಲದೆ ಬೇರೆ ಬರಕೂಡದೆಂದು ಅವಳು ಅಲ್ಲೇ ಹರಕೆ ಹೊತ್ತಳು.

ಮಾತೇನೋ ಬದಲಾಯಿತು, ಗಂಟಲು ಬದಲಾಗಬೇಡವೇ? ಪಕ್ಕದ ಹೊಲದ ನಿಂಗರಾಜುವಿನ ಹಸು ಅವಳ ಜೋಳಕ್ಕೆ ನುಗ್ಗಿತು. ಚೌರಮ್ಮ ಬದುವಿನ ಮೇಲೆ ನಿಂತು, ಕೋಲು ಎತ್ತಿ, ಕಣ್ಣು ಕೆಂಡ ಮಾಡಿಕೊಂಡು, "ದೇವ್ರು ನಿಂಗೆ ಆಸೀರ್ವಾದ ಮಾಡ್ಲಿ ಕಣ್ಲಾ! ನಿನ್ ಅಸ ಬಿಂದ್ಗೆಗಟ್ಲೆ ಆಲು ಕರೀಲಿ ಕಣ್ಲಾ!" ಎಂದು ಕಿರುಚಿದಳು. ಹಸುವಿನ ಹಿಂದೆಯೇ ಓಡಿಬಂದಿದ್ದ ನಿಂಗರಾಜು ಬೆವೆತುಹೋದ. ಸಂಜೆಗೇ ಬಂದು ಕೈಮುಗಿದ. "ಚೌರಕ್ಕ, ತಪ್ಪಾಯ್ತು. ನೆಟ್ಗೆ ಬೈದ್ಬುಡು. ಇಂಗೆಲ್ಲ ಮಾಡ್ಬ್ಯಾಡ, ನಮ್ಮನೇಲಿ ಮಕ್ಳವ್ರೆ."

ಡೈರಿಯ ಗಿರೀಶ ಹಾಲು ಅಳೆದು, ನೀರು ಜಾಸ್ತಿ, ಡಿಗ್ರಿ ಕಮ್ಮಿ ಎಂದಾಗ ಅವಳು ಹಲ್ಲು ಕಚ್ಚಿಕೊಂಡು, "ನಿನ್ ಕೈಗೆ ಬಂಗಾರದ್ ಕಡಗ ಬೀಳ್ಲಿ ಕಣಪ್ಪ" ಎಂದಳು. ಗಿರೀಶ ತನ್ನ ಕೈಯನ್ನೊಮ್ಮೆ ನೋಡಿಕೊಂಡ. ಮತ್ತೆ ಅಳೆದ. ಡಿಗ್ರಿ ಸರಿಯಾಗಿಯೇ ಇತ್ತು.

ಸುದ್ದಿ ತಿಳಿದ ಫಾದರ್ ನಗು ತಡೆದುಕೊಂಡು, "ಅಷ್ಟು ಉದ್ದ ಬೇಡಮ್ಮ. ಸರ್ವೇಶ್ವರ ನಿನ್ನನ್ನು ಹರಸಿ ಕಾಪಾಡಲಿ ಅನ್ನಿ, ಸಾಕು" ಎಂದು ಹೇಳಿಕೊಟ್ಟರು. ಚೌರಮ್ಮ ಹಾಲು ಕರೆಯುತ್ತ, ರೊಟ್ಟಿ ತಟ್ಟುತ್ತ ಅದನ್ನು ಬಾಯಿಪಾಠ ಮಾಡಿದಳು.

ಗಂಜಾಮಿನವರು ಬಂದರು. ಹುಡುಗಿ ಜೆಸಿಂತಳೂ ಜೊತೆಗೇ ಬಂದಿದ್ದಳು. "ಬಾಳೋಳು ನಾನು, ಮನೆ ನಾನೇ ನೋಡ್ಬ್ಯಾಡ್ವಾ?" ಎಂದಳಂತೆ. ಟೈಲರಿಂಗ್ ಅಂಗಡಿ ಇಟ್ಟುಕೊಂಡು ದಿನವೂ ಗಿರಾಕಿಗಳ ಕೈಲಿ ಜಗಳ ಕಾದವಳು, ಸಂಕೋಚವೆಲ್ಲಿ ಬರಬೇಕು! ಚೌರಮ್ಮ ಮಾತ್ರ ತುಟಿ ಬಿಚ್ಚಲಿಲ್ಲ. ಕಾಫಿ ಕೊಟ್ಟಳು, ನಕ್ಕಳು, ತಲೆಯಾಡಿಸಿದಳು. ಹುಡುಗಿಯ ಸೋದರಮಾವ, "ಅಮ್ಮಾವ್ರಿಗೆ ಗಂಟ್ಲು ಸರ್ಯಾಗಿಲ್ವಾ?" ಎಂದು ಫಿಲಿಪನನ್ನು ಮೆಲ್ಲಗೆ ವಿಚಾರಿಸಿದರು.

ಹೊರಡುವ ಹೊತ್ತಿಗೆ ಜೆಸಿಂತ ಚೌರಮ್ಮನ ಮುಂದೆ ಮಂಡಿಯೂರಿದಳು.

"ಅಮ್ಮ, ಆಶೀರ್ವಾದ ಮಾಡಿ."

ಕಲಿತದ್ದೆಲ್ಲ ಮಂಗಮಾಯ! ಸರ್ವೇಶ್ವರ ಎಂಬ ಮೊದಲ ಮಾತೂ ನೆನಪಾಗಲಿಲ್ಲ. ಚೌರಮ್ಮ ಸೊಸೆಯಾಗಿ ಈ ಮನೆಗೆ ಬಂದ ದಿನ ಅವಳ ತಲೆಯ ಮೇಲೆ ಯಾರೂ ಕೈಯಿಟ್ಟಿರಲಿಲ್ಲ, ಅತ್ತೆ ಹೊಸಿಲಲ್ಲೇ ಬೈದಿದ್ದಳು. ಎದುರಿಗೆ ನಗುತ್ತಿದ್ದ ಹುಡುಗಿಯ ಮುಖ ನೋಡುತ್ತ ನೋಡುತ್ತ ಅವಳ ಎದೆ ತುಂಬಿ ಬಂತು. ಎದೆ ತುಂಬಿದರೆ ಬಾಯಿ ಸುಮ್ಮನಿರುತ್ತದೆಯೇ?

"ಅಯ್ಯೋ, ನಿನ್ ಮನೆ ಎಕ್ಕುಟ್ಟೋಗ! ಎಷ್ಟ್ ಚೆಂದಾಗಿದ್ದೀಯ ಕಣವ್ವಾ!"

ಸೋದರಮಾವನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಫಿಲಿಪ ಕಣ್ಣು ಮುಚ್ಚಿಕೊಂಡು ಗೋಡೆಗೆ ಒರಗಿದ. ಚೌರಮ್ಮ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು, ಕಣ್ಣಲ್ಲಿ ನೀರು.

ಮಂಡಿಯೂರಿದ್ದ ಜೆಸಿಂತ ಏಳಲಿಲ್ಲ. "ಯಾವ್ ಮನೆ ಅತ್ತೆ?" ಎಂದಳು. "ಇನ್ಮೇಲೆ ನನ್ ಮನೆ ಅಂದ್ರೆ ಇದೇ ತಾನೆ? ಒಸಿ ನೋಡ್ಕಂಡ್ ಬೈರಿ."

ಅತ್ತೆ ಎಂದಳು! ಚೌರಮ್ಮ ಬಾಯಿಂದ ಕೈ ತೆಗೆದಳು. ಹೆಬ್ಬೆರಳಿಂದ ಹುಡುಗಿಯ ಹಣೆಯ ಮೇಲೆ ಶಿಲುಬೆ ಎಳೆದಳು.

"ನನ್ ಬಾಯ್ಗೆ ಬಾಯ್ ಕೊಡೋ ಸಕ್ತಿನ, ನಾನ್ ಸಾಯೋಗಂಟ, ಆ ದೇವ್ರು ನಿಂಗೆ ಕೊಡ್ಲಿ ಮಗ."

"ಆಮೆನ್" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ಫಿಲಿಪ.