ಚೆಂದಾಗಿ ಬೀಳುವ ಹೊನ್ನೂರಸ್ವಾಮಿ

ಕಂಪ್ಲಿಯ ಹೊನ್ನೂರಸ್ವಾಮಿಯಂಥ ದಂಡಪಿಂಡ ಪೈಲ್ವಾನ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲವೆಂದು ನಾನು ಬಹಳ ದಿನ ನಂಬಿದ್ದೆ. ಯಾವ ಕಣದಲ್ಲಿ ನೋಡಿದರೂ ಅವನ ಬೆನ್ನು ಮಣ್ಣಿನ ಮೇಲೆಯೇ. ಕುಸ್ತಿಯಲ್ಲಿ ನನಗೆ ತಿಳಿಯದ್ದೇ ಇಲ್ಲವೆಂಬ ಭಾವನೆ ನನ್ನದು. ಆಡಿದ್ದು ಮಾತ್ರ ಕೇರಂ.

ಹೊನ್ನೂರ ತಬ್ಬಲಿ. ಎಂಟನೇ ವಯಸ್ಸಿಗೆ ಗರಡಿಗೆ ತಂದು ಸಾಕಿದವರು ಉಸ್ತಾದ್ ಮೈಲಾರಲಿಂಗಪ್ಪ. ಅವರು ಸೀನಿದರೂ ಹುಡುಗರು ಎದ್ದು ನಿಲ್ಲಬೇಕು. ಹೊನ್ನೂರನಿಗೆ ಮಾತ್ರ ಕೈಯಾರೆ ಬಾದಾಮಿ ಹಾಲು ಕುಡಿಸುತ್ತಿದ್ದರು. "ನಿಮ್ಮೋರೆಲ್ಲ ನಿನ್ನ ಬ್ಯಾಡ ಅಂದ್ರಲೇ, ನಾನೊಬ್ನ ಬೇಕು ಅಂದೆ" ಎಂದು ಪ್ರತಿ ಲೋಟಕ್ಕೂ ನೆನಪಿಸುತ್ತಿದ್ದರು. ಎಮ್ಮಿಗನೂರಿನ ಸೋದರಮಾವ ಕರೆದೊಯ್ಯಲು ಬಂದಾಗ ಬಾಗಿಲಿನಿಂದಲೇ ಹಿಂದಕ್ಕಟ್ಟಿದವರೂ ಅವರೇ. ಹೊನ್ನೂರನಿಗೆ ಅದು ತಿಳಿದದ್ದು ಮಾವ ತೀರಿಕೊಂಡ ಮೇಲೆ.

ಅಷ್ಟರಲ್ಲಿ ಅದಿರಿಗೆ ಬಂಗಾರದ ಬೆಲೆ ಬಂತು. ಸಂಡೂರಿನ ಲಾರಿ ಮಾಲೀಕರೊಬ್ಬರು ಎರಡು ಮಳೆಗಾಲದೊಳಗೆ ಸಾಹುಕಾರರಾದರು. ಎಲ್ಲವೂ ಇತ್ತು, ಮನೆಯಲ್ಲೊಬ್ಬ ಪೈಲ್ವಾನ ಇರಲಿಲ್ಲ. ಮಗ ಶಂಭುಲಿಂಗನಿಗೆ ಲಂಗೋಟಿ ಕಟ್ಟಿಸಿದರು. ಲಂಗೋಟಿಗಿಂತ ಮೊದಲೇ 'ಸಂಡೂರು ಸಿಂಹ' ಎಂಬ ಫ್ಲೆಕ್ಸ್ ಎದ್ದು ನಿಂತಿತ್ತು. ಇನ್ನು ಬೇಕಾದದ್ದು ಬೀಳುವವನೊಬ್ಬ. ಗರಡಿಗೆ ಹೊಸ ತಗಡು ಬಂತು, ಉಸ್ತಾದರಿಗೆ ಬುಲೆಟ್ ಗಾಡಿ ಬಂತು.

"ನಾ ಯಾಕ ಬೀಳಬೇಕು, ಯಪ್ಪಾ?" ಎಂದ ಹದಿನೇಳರ ಹೊನ್ನೂರ.

"ಗೆಲ್ಲಾದು ಕತ್ತೆನೂ ಗೆಲ್ತತಲೇ. ಚೆಂದಾಗಿ ಬೀಳಾಕ ತಾಕತ್ ಬೇಕು. ಈ ಸಲ ಬೀಳು. ಮುಂದಿನ ಸಲ ಹೊಸಪೇಟಿ ಕಣದ ಬೆಳ್ಳಿ ಗದಾ ನಿಂದ."

ಮರುವರ್ಷ ಹೊನ್ನೂರ, "ಹೋದ ಸಲಾನೂ ಹಂಗ ಅಂದಿದ್ರಿ" ಎಂದ. ಉಸ್ತಾದರು ತಟ್ಟೆ ಸರಿಸಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. "ಆತು ಬಿಡು, ನಾ ಸತ್ತ ಮ್ಯಾಲ ಗೆಲ್ಲು." ಅವನು ಕಾಲೊತ್ತಿ, ಬೀಳುತ್ತೇನೆಂದು ಒಪ್ಪಿದ ಮೇಲೆಯೇ ಎದ್ದು ಉಂಡರು. ಎರಡು ರೊಟ್ಟಿ ಹೆಚ್ಚೇ ಉಂಡರು.

ಹಾಗೆ ಶಂಭುಲಿಂಗನ ಕೈ ಕುತ್ತಿಗೆಗೆ ತಾಗಿದೊಡನೆ ದರೋಜಿಯಲ್ಲಿ ಬಿದ್ದ, ಟಿ.ಬಿ. ಡ್ಯಾಂನಲ್ಲಿ ಬಿದ್ದ, ಸಾಹುಕಾರರ ಪ್ರತಿ ಹುಟ್ಟುಹಬ್ಬಕ್ಕೂ ತಪ್ಪದೆ ಬಿದ್ದ. ಅವನಿಗಿದ್ದ ಆಸೆ ಒಂದೇ: ಒಮ್ಮೆ ಆ ಗದೆಯನ್ನು ಹೆಗಲ ಮೇಲಿಟ್ಟುಕೊಂಡು ಕಂಪ್ಲಿ ಬಜಾರಿನಲ್ಲಿ ನಡೆಯಬೇಕು.

2008ರ ಕೊನೆಗೆ ಅದಿರಿನ ಬೆಲೆ ಕುಸಿಯಿತು. ಸಾಹುಕಾರರು ಉಸ್ತಾದರ ಫೋನ್ ಎತ್ತುವುದನ್ನು ನಿಲ್ಲಿಸಿದರು. ಕೂಡಲೇ ಉಸ್ತಾದರಿಗೆ ನ್ಯಾಯಧರ್ಮ ನೆನಪಾಯಿತು. "ಹೊಸಪೇಟಿ ಕಣ ಈ ಸಲ ನಿಂದಲೇ. ಒಗಿ ಆ ಸಿಂಹನ್ನ!"

ನಾನು ಮುಂದಿನ ಸಾಲಿನಲ್ಲೇ ಕುಳಿತಿದ್ದೆ. ಹೊನ್ನೂರ ಶಂಭುಲಿಂಗನ ಸೊಂಟ ಹಿಡಿದು ಎತ್ತಿಯೇ ಬಿಟ್ಟ. ಜನ ಎದ್ದು ನಿಂತು ಕೂಗಿದರು. ಗಾಬರಿಯಾದ ಶಂಭುಲಿಂಗನ ಕೈ ಎಂದಿನಂತೆ ಅವನ ಕುತ್ತಿಗೆಗೆ ಬಿತ್ತು. ಅಷ್ಟೇ ಸಾಕಾಯಿತು. ಹೊನ್ನೂರನ ಮೊಣಕಾಲು ತಾನಾಗಿ ಮಡಚಿಕೊಂಡಿತು, ಬೆನ್ನು ತಾನಾಗಿ ತಿರುಗಿತು, ಎರಡೂ ಭುಜ ಮಣ್ಣಿಗೆ ಹತ್ತಿದವು. ಬಹಳ ಚೆಂದಾಗಿ ಬಿದ್ದ. ಎದ್ದವನು ತನ್ನ ಕೈಗಳನ್ನೇ ನೋಡುತ್ತ ನಿಂತ. ಅಂದು ಬೀಳೆಂದು ಯಾರೂ ಹೇಳಿರಲಿಲ್ಲ.

"ನನ್ನ ಹಾಲೆಲ್ಲ ಹೊಳಿಗೆ ಹಾಕಿದೆಲ್ಲಲೇ!" ಎಂದು ಉಸ್ತಾದರು ಊರ ಮುಂದೆ ಹಣೆ ಬಡಿದುಕೊಂಡರು.

ಮತ್ತೆ ಅವನನ್ನು ಯಾವ ಕಣಕ್ಕೂ ಕರೆಯಲಿಲ್ಲ. ಈಗ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಾನೆ. ಸಂಜೆ ಗರಡಿಗೆ ಹೋಗಿ, ಸೊಂಟ ಹಿಡಿದು ಮಲಗಿರುವ ಉಸ್ತಾದರಿಗೆ ಗಂಜಿ ಕಾಯಿಸಿ ಕೊಡುತ್ತಾನೆ. ಗಿರಣಿಯ ಅಂಗಳದಲ್ಲಿ ಇದನ್ನೆಲ್ಲ ಅವನ ಬಾಯಿಂದಲೇ ಕೇಳಿದ ನಾನು, "ಇಷ್ಟೆಲ್ಲ ಆದ ಮ್ಯಾಲೂ ಉಸ್ತಾದರನ್ನ ಒಂದ್ಸಲ ಎತ್ತಿ ಒಗೀಬೇಕು ಅನಸಲಿಲ್ಲೇನಪಾ?" ಎಂದೆ.

ಅವನು ಚೀಲ ಇಳಿಸಿ ನನ್ನನ್ನು ನೋಡಿದ.

"ಒಗದ್ರ, ಎತ್ತಿ ದವಾಖಾನಿಗೆ ಒಯ್ಯಾವ ನಾನ ಅಲ್ಲೇನ್ರೀ?"