ರೇಷ್ಮೆ ಎಳೆಗಳ ಮೇಲೆ ಡ್ರಿಫ್ಟಿಂಗ್

ತಪ್ಪು ಪೂರ್ತಿ ನನ್ನದೇ. ಮಾವನ ಹಳೇ ಕಾರಿನ ಬ್ರೇಕ್ ಸರಿಯಿರಲಿಲ್ಲವೆಂದು ಹೇಳಿ ನೋಡಿದೆ, ನನ್ನ ನೆರಳೂ ನಂಬಲಿಲ್ಲ. ಕಾರುಗಳು ಅಡ್ಡಡ್ಡ ಜಾರುತ್ತ ತಿರುವು ದಾಟುವ ಡ್ರಿಫ್ಟ್ ಪಂದ್ಯವನ್ನು ಟಿವಿಯಲ್ಲಿ ನೋಡಿ, ನಾನೂ ಅದರಲ್ಲೇ ಹೊಟ್ಟೆ ಹೊರೆಯುವ ಡ್ರೈವರ್ ಆಗಬೇಕೆಂದು ತೀರ್ಮಾನಿಸಿದ್ದೆ. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಹಿಂದಿನ ಬಯಲಿನಲ್ಲಿ ಕಾರು ಎರಡು ಸಲ ಜಾರಿತು. ಮಣ್ಣಿನಲ್ಲಿ ಟೈರು ಕಿರುಚಲಿಲ್ಲವಾದ್ದರಿಂದ ಆ ಸದ್ದನ್ನು ನಾನೇ ಬಾಯಲ್ಲಿ ಮಾಡಿದೆ.

ಅಷ್ಟಕ್ಕೇ ಬೀಗಿ, ಅತ್ತೆಯನ್ನು ಸೀರೆಗೆಂದು ಮೊಳಕಾಲ್ಮೂರಿಗೆ ಕರೆದೊಯ್ದ ದಿನ, ಆಕೆಯನ್ನು ಇಳಿಸಿ ನೇಕಾರರ ಬೀದಿಯ ತಿರುವಿನಲ್ಲಿ ಕಾರು ಅಡ್ಡ ಜಾರಲೆಂದು ಹ್ಯಾಂಡ್‌ಬ್ರೇಕ್ ಎಳೆದೆ. ಮಗ್ಗಕ್ಕೆ ಏರಿಸುವ ಮುನ್ನ ರೇಷ್ಮೆ ಎಳೆಗಳನ್ನು ಅಲ್ಲಿ ಬೆಳಿಗ್ಗೆ ಬೀದಿಯುದ್ದಕ್ಕೂ ಗೂಟಗಳಿಗೆ ಬಿಗಿದು ಕಟ್ಟುತ್ತಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎಳೆದೆ. ಕಾರಿನ ಹಿಂಭಾಗ ಗೂಟಗಳನ್ನು ಕಿತ್ತುಕೊಂಡು ಹೋಯಿತು. ಕೆಂಪು ಎಳೆಗಳು ಬಂಪರಿಗೆ ಸುತ್ತಿಕೊಂಡವು.

ಅವನ್ನು ಕಟ್ಟಿದ್ದ ಮುದುಕಿ ಬೈಯಲಿಲ್ಲ. ನೆಲದಲ್ಲಿ ಕೂತು, ಹರಿದ ಎಳೆಗಳನ್ನು ಒಂದೊಂದಾಗಿ ಬಿಡಿಸಿ ಗಂಟು ಹಾಕತೊಡಗಿದಳು. ನಾನೂ ಪಕ್ಕದಲ್ಲಿ ಕೂತೆ. ನನ್ನ ಬೆರಳಲ್ಲಿ ಅವು ಇನ್ನಷ್ಟು ಹರಿದವು. ಊರವರನ್ನೆಲ್ಲ ಅಣಕಿಸುತ್ತಿದ್ದ ಬಾಯಿಗೆ ಆ ದಿನ ತಡವರಿಸುವುದಷ್ಟೇ ಬಂತು.

“ಬೇಕಂತ ಮಾಡ್ಲಿಲ್ಲ ಅವ್ವ. ಕಾರು ಅಡ್ಡ ಓಡ್ಸೋ ಆಟ ಐತೆ, ಅದ್ರಲ್ಲಿ ಡ್ರೈವರ್ ಆಗ್ಬೇಕು ಅಂತ...”

ಅವಳು ತಲೆ ಎತ್ತಲೂ ಇಲ್ಲ.

“ಆಗಪ್ಪ, ಯಾರು ಬ್ಯಾಡಂದ್ರು? ಮೊದ್ಲು ನೆಟ್ಟಗೆ ಓಡ್ಸೋದು ಕಲ್ತ್ಕೊ. ಈಗ ಆ ಕಡೆ ಸರಿ, ಎಳೆ ತುಳೀತಿದ್ದೀಯ.”